ಚಹಾದ ಡಬ್ಬಿಗೆ ಕಾಫಿಯ ಹೊಗೆ

ನನ್ನ ಮಗಳು ಸುಮನಾಳ ಮೂಗು ಕೆಟ್ಟಿಲ್ಲ. ಎಂದೂ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಅವಳನ್ನು ನಂಬಿಸಿದವನು ನಾನು. ಅವಳು ಪರದೇಶಕ್ಕೆ ಕಳಿಸಬೇಕಾಗಿದ್ದ ಚಹಾದ ಡಬ್ಬಿಯನ್ನು ಅವಳಿಗೆ ತಿಳಿಯದಂತೆ ಬಿಚ್ಚಿ, ನನ್ನ ಕಾಫಿ ಹುರಿಯುವ ಕೋಣೆಯಲ್ಲಿಟ್ಟು ಹಾಳು ಮಾಡಿದವನೂ ನಾನೇ.

ಕಲ್ಕತ್ತೆಯ ಕನ್ನಡಿಗರಾದ ನಿಮ್ಮಲ್ಲಿ ಹೆಚ್ಚಿನವರಿಗೆ ನನ್ನ ಪರಿಚಯವಿದೆ. ಗರಿಯಾಹಾಟ್‌ನ ಸೀರೆ ಅಂಗಡಿಗಳನ್ನು ದಾಟಿ ಒಳಗಲ್ಲಿಗೆ ತಿರುಗಿದರೆ ವಾಸನೆಯೇ ಕೈ ಹಿಡಿದು ಕರೆತರುವ ಕಾಫಿ ಪುಡಿ ಅಂಗಡಿ ನನ್ನದು. ಯುಗಾದಿಗೋ ರಾಜ್ಯೋತ್ಸವಕ್ಕೋ ನಾವೆಲ್ಲ ಸೇರಿದಾಗ, ಮಗಳೇನು ಮಾಡುತ್ತಿದ್ದಾಳೆ ಎಂದು ನೀವು ಕೇಳಿದರೆ, “ಚಹಾ ರುಚಿ ನೋಡೋಕೆ ಹೊರಟಿದ್ಲು, ಮೂಗು ಕೈಕೊಡ್ತು, ವಾಪಸ್ ಬಂದ್ಲು” ಎಂದು ನಗುತ್ತ ಹೇಳಿದ್ದೇನೆ. ನೀವೂ ನಕ್ಕಿದ್ದೀರಿ. ಅವಳು ಪಕ್ಕದಲ್ಲೇ ಎಲೆಗೆ ಬಡಿಸುತ್ತಿದ್ದಳು. ಅದಕ್ಕೇ ಇದನ್ನು ನಿಮ್ಮೆದುರೇ ಬರೆಯುತ್ತಿದ್ದೇನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ವಾಕ್ಯ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯವನ್ನು ಮಾತ್ರ ತಿದ್ದಬೇಡಿ.

ಹಾಸನದಿಂದ ಸೋದರಮಾವನ ಹಿಂದೆ ಬಂದು ಹೌರಾ ಸ್ಟೇಷನ್ನಿನಲ್ಲಿ ಇಳಿದಾಗ ನನಗೆ ಮೀಸೆಯೂ ಮೂಡಿರಲಿಲ್ಲ. ನನ್ನನ್ನು ಯಾರೂ ತಡೆಯಲಿಲ್ಲ — ಇದನ್ನು ಇಲ್ಲೇ ಹೇಳಿಬಿಡಬೇಕು. ಅವ್ವ ಬುತ್ತಿ ಕಟ್ಟಿಕೊಟ್ಟಳು, ಅಪ್ಪ ಬಸ್‌ ಸ್ಟ್ಯಾಂಡಿನವರೆಗೆ ಟ್ರಂಕು ಹೊತ್ತು ತಂದ. ಮಾವನ ಕಾಫಿ ಪುಡಿ ಅಂಗಡಿಯಲ್ಲಿ ಬೀಜ ಆರಿಸಿದೆ, ಹುರಿದೆ, ಪುಡಿ ಮಾಡಿದೆ. ಆಮೇಲೆ ನನ್ನದೇ ಅಂಗಡಿ ಇಟ್ಟೆ. ಯಾರ ಹತ್ತಿರವೂ ಕೈ ಚಾಚದೆ ಬೆಳೆದೆ. ಈ ಹೆಮ್ಮೆ ನನ್ನದು, ಇರಲಿ. ಆದರೆ ಅದರ ಜೊತೆಗೇ ಇನ್ನೇನೋ ಬೆಳೆದಿತ್ತು — ನನ್ನ ಕೈಕೆಳಗೆ ಬೆಳೆದದ್ದೆಲ್ಲ ನನ್ನದು ಎನ್ನುವ ಒಂದು ಗರ್ವ.

ಕೆಳಗೆ ಅಂಗಡಿ, ಅದರ ಹಿಂದೆ ಹುರಿಯುವ ಕೋಣೆ, ಮೇಲೆ ಮನೆ. ಸುಮನಾ ಆ ವಾಸನೆಯಲ್ಲೇ ಹುಟ್ಟಿ ಬೆಳೆದವಳು. ಮಾತು ಸರಿಯಾಗಿ ಬರುವ ಮೊದಲೇ ಅವಳಿಗೆ ಮೂಗು ಬಂದಿತ್ತು. ಕಣ್ಣು ಮುಚ್ಚಿಸಿ ಒಂದು ಹಿಡಿ ಬೀಜ ಹಿಡಿದರೆ, “ಇದು ಸುಟ್ಟೋಯ್ತು ಅಪ್ಪ,” “ಇದು ಹಳೇದು,” ಎನ್ನುತ್ತಿದ್ದಳು. ತಪ್ಪುತ್ತಿರಲಿಲ್ಲ. ಗಿರಾಕಿಗಳ ಮುಂದೆ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಈ ಆಟ ಆಡಿಸುತ್ತಿದ್ದೆ. ಪಕ್ಕದ ಮನೆಯ ಬೌದಿ — ಬಂಗಾಳಿಯಲ್ಲಿ ಅತ್ತಿಗೆಯನ್ನು ಹಾಗೆ ಕರೆಯುತ್ತಾರೆ, ನಮಗೆಲ್ಲರಿಗೂ ಆಕೆ ಬೌದಿಯೇ — “ಈ ಹುಡುಗಿಯ ಮೂಗಿಗೆ ದೃಷ್ಟಿ ತೆಗೀರಿ” ಎನ್ನುತ್ತಿದ್ದರು.

ಅಂಥವಳು ಕಾಲೇಜು ಮುಗಿಸಿ ಸೇರಿದ್ದು ಚಹಾ ರುಚಿ ನೋಡುವ ಕೆಲಸ ಕಲಿಯಲು! ಈ ಊರಿನಲ್ಲಿ ಅದಕ್ಕೇ ಆಫೀಸುಗಳಿವೆ. ಸಾಲಾಗಿ ಬಿಳಿ ಬಟ್ಟಲು ಇಟ್ಟು, ಸೊರ್ ಎಂದು ಬಾಯಿಗೆ ಎಳೆದು, ಉಗುಳಿ, ಮುಂದಿನ ಬಟ್ಟಲಿಗೆ ಹೋಗುತ್ತಾರೆ.

“ಕುಡಿದು ಉಗುಳೋಕೂ ಸಂಬಳ ಕೊಡ್ತಾರೇನೇ?” ಎಂದು ರೇಗಿಸಿದ್ದೆ.

“ನಿಮಗೆ ಸುಟ್ಟು ಪುಡಿ ಮಾಡೋಕೆ ಕೊಡ್ತಾರಲ್ಲ ಅಪ್ಪ,” ಎಂದಿದ್ದಳು. ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಚಹಾ ಎಲೆ ಯಾವ ವಾಸನೆಯನ್ನಾದರೂ ಎಳೆದುಕೊಳ್ಳುತ್ತದೆ. ಒಣ ಬಟ್ಟೆ ನೀರು ಹೀರುವ ಹಾಗೆ. ಹಾಗಾಗಿ ಸುಮನಾ ಬಹಳ ಎಚ್ಚರದಲ್ಲಿರುತ್ತಿದ್ದಳು. ಆಫೀಸಿಗೆ ಹಾಕಿಕೊಳ್ಳುವ ಬಟ್ಟೆಯನ್ನು ಬೌದಿಯ ಮನೆಯಲ್ಲಿಟ್ಟು, ಬೆಳಿಗ್ಗೆ ಅಲ್ಲಿಗೇ ಹೋಗಿ ಬದಲಾಯಿಸಿಕೊಂಡು ಹೊರಡುತ್ತಿದ್ದಳು. ನನಗದು ಅವಮಾನವಾಗಿ ಕಾಣುತ್ತಿತ್ತು. ಹೇಳಿಕೊಳ್ಳುತ್ತಿರಲಿಲ್ಲ. ನನ್ನ ಅನ್ನದ ವಾಸನೆ ಮಗಳಿಗೆ ಅಡ್ಡಿಯಾಯಿತಲ್ಲ ಎಂದು ಒಳಗೇ —

ಆಮೇಲೆ ಮೊಂಬಾಸಾದ ಸುದ್ದಿ ಬಂತು. ಆಫ್ರಿಕಾದ ಕಡಲತೀರದ ಊರು. ಅಲ್ಲಿಯೂ ದೊಡ್ಡ ಚಹಾ ವ್ಯಾಪಾರವಿದೆ. ಅಲ್ಲಿನ ಒಂದು ಕಂಪನಿ ಹೊಸಬರನ್ನು ಹುಡುಕುತ್ತಿತ್ತು. ನೀನೇ ಒಂದು ಮಿಶ್ರಣ ಮಾಡಿ ಕಳಿಸು, ಕುಡಿದು ನೋಡಿ ಹೇಳುತ್ತೇವೆ ಎಂದಿತ್ತು. ಸುಮನಾ ಕುಣಿದುಕೊಂಡು ಬಂದಳು.

“ಹೋಗ್ಲಾ ಅಪ್ಪ?”

“ಅದಕ್ಕೇನು ಕೇಳೋದು? ಹೋಗು,” ಎಂದೆ.

ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಹೆಣ್ಣುಮಗಳನ್ನು ಕಟ್ಟಿಹಾಕುವ ಜಾತಿ ನನ್ನದಲ್ಲ ಎಂದು ನಿಮ್ಮೆದುರು ಎಷ್ಟು ಸಲ ಜಂಭ ಕೊಚ್ಚಿದ್ದೆ! ಬಾಯಲ್ಲಿ ಹೋಗು ಎಂದೆ. ಎದೆಯೊಳಗೆ ಬೇರೆಯೇ ಲೆಕ್ಕಾಚಾರ ನಡೆದಿತ್ತು. ಈ ಅಂಗಡಿ ಅವಳದಾಗಬೇಕು, ಬೋರ್ಡಿನ ಮೇಲೆ ಅವಳ ಹೆಸರು ಬರೆಸಬೇಕು ಎಂದುಕೊಂಡಿದ್ದೆ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ನನ್ನ ಕೋಣೆಯಲ್ಲಿ ಹದವಾದ ಮೂಗು ಸಮುದ್ರ ದಾಟಿ ಇನ್ಯಾರದೋ ಬಟ್ಟಲಿಗೆ ಬಗ್ಗುವುದು — ಅದನ್ನು ಸಹಿಸಲಾಗಲಿಲ್ಲ. ಮುಪ್ಪಿನ ಭಯ, ಒಂಟಿತನ, ಇಂಥದ್ದೆಲ್ಲ ಹೇಳಿದರೆ ನಿಮಗೆ ನನ್ನ ಮೇಲೆ ಕನಿಕರ ಬಂದೀತು. ಅದಲ್ಲ. ಅದು ಶುದ್ಧ ಗರ್ವ.

ಅವಳು ಆಫೀಸಿನಲ್ಲೇ ಮಿಶ್ರಣ ಮಾಡಿ, ಬೆಳ್ಳಿ ಹಾಳೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಸುತ್ತ ಟೇಪು ಅಂಟಿಸಿ ತಂದಳು. ಉಳಿದದ್ದನ್ನು ಇನ್ನೊಂದು ಪುಟ್ಟ ಡಬ್ಬಿಯಲ್ಲಿ ತಂದು ಎರಡನ್ನೂ ಮೇಲಿನ ಮನೆಯ ಬೀರುವಿನಲ್ಲಿಟ್ಟಳು. ಶನಿವಾರ ಮಧ್ಯಾಹ್ನ ಅಮ್ಮ ಮಗಳು ಇಬ್ಬರೂ ಗರಿಯಾಹಾಟ್ ಮಾರ್ಕೆಟ್ಟಿಗೆ ಹೊರಟರು. ಪ್ರಯಾಣದ ಬ್ಯಾಗು ಕೊಳ್ಳುವುದಕ್ಕೆ — ಅಷ್ಟು ನಂಬಿಕೆ ಇತ್ತು ಅವಳಿಗೆ ತನ್ನ ಚಹಾದ ಮೇಲೆ. ಮೆಟ್ಟಿಲ ಬಳಿ ನಿಂತು ಹೇಳಿದಳು:

“ಅಪ್ಪ, ಡಬ್ಬಿ ನೀವೇ ಕೊರಿಯರ್‌ಗೆ ಕೊಟ್ಟುಬಿಡಿ, ನಿಮ್ಮ ಕೈಗುಣ ಒಳ್ಳೇದು. ಅಂಗಡಿ ಕಡೆ ತರ್ಲೇಬೇಡಿ, ಪ್ಲೀಸ್. ಮೆಟ್ಟಿಲಿಂದ ಸೀದಾ ಹೋಗಿ.”

ಸೀದಾ ಹೋದೆ. ಗಲ್ಲಿಯ ತಿರುವಿನವರೆಗೆ ಹೋದೆ. ಅಲ್ಲಿ ರಿಕ್ಷಾದವನೊಬ್ಬನಿಗೆ ದಾರಿ ಬಿಡಲು ನಿಂತೆ. ನಿಂತವನು ಹಿಂದಿರುಗಿ, ಅಂಗಡಿಯ ಹಿಂಬಾಗಿಲಿನಿಂದ ಹುರಿಯುವ ಕೋಣೆಗೆ ಬಂದೆ. ಹೊರಡುವ ಮೊದಲಷ್ಟೇ ನಾನು ಹುರಿಯುವ ಡ್ರಮ್ಮಿನಿಂದ ಸುರಿದಿದ್ದ ಬೀಜ ತಟ್ಟೆಯಲ್ಲಿ ಇನ್ನೂ ಚಟಪಟ ಎನ್ನುತ್ತಿತ್ತು. ಟೇಪು ಬಿಡಿಸಿದೆ. ಬೆಳ್ಳಿ ಹಾಳೆ ಬಿಚ್ಚಿದೆ. ಚಹಾವನ್ನು ಕಾಗದದ ಮೇಲೆ ಹರವಿ ಆ ಬಿಸಿ ಬೀಜದ ಪಕ್ಕದಲ್ಲಿಟ್ಟು, ಬಾಗಿಲು ಹಾಕಿದೆ. ಕೈ ನಡುಗಿತು ಎಂದು ಬರೆಯಬಹುದಿತ್ತು. ನಡುಗಲಿಲ್ಲ. ಬೀಜ ತಣ್ಣಗಾದ ಮೇಲೆ ಮತ್ತೆ ತುಂಬಿ, ಮಡಿಸಿ, ಮೊದಲಿಗಿಂತ ಚೊಕ್ಕಟವಾಗಿ ಟೇಪು ಅಂಟಿಸಿ ಕೊರಿಯರ್‌ನವನ ಕೈಗಿಟ್ಟೆ.

ಸಂಜೆ ಅವಳು ನೀಲಿ ಬ್ಯಾಗಿನ ಚಕ್ರ ಉರುಳಿಸುತ್ತ ಬಂದು, “ಕೊಟ್ರಾ ಅಪ್ಪ?” ಎಂದಳು. “ಕೊಟ್ಟೆ ಕಣಮ್ಮ,” ಎಂದೆ. ಅದು ಸುಳ್ಳಾಗಿರಲಿಲ್ಲ, ನೋಡಿ.

ಉತ್ತರ ಫೋನಿನಲ್ಲಿ ಬಂತು. ನಾವೂ ಕೇಳಲೆಂದು ಅವಳು ಸ್ಪೀಕರಿಗೆ ಹಾಕಿದಳು. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಆದರೆ ಕಾಫಿ ಎಂಬ ಪದ ಯಾವ ದೇಶದವರ ಬಾಯಲ್ಲಿ ಬಂದರೂ ನನಗೆ ತಿಳಿಯುತ್ತದೆ. ಫೋನಿಟ್ಟು ಸುಮನಾ ಅಮ್ಮನಿಗೆ ಬಿಡಿಸಿ ಹೇಳಿದಳು — ಮಿಶ್ರಣ ಚೆನ್ನಾಗಿತ್ತಂತೆ, ಆದರೆ ಅದರ ತುಂಬ ಕಾಫಿಯ ವಾಸನೆಯಂತೆ, ತನ್ನ ಚಹಾದಲ್ಲಿರುವ ಕಾಫಿಯನ್ನೇ ಹಿಡಿಯಲಾರದವಳು ಈ ಕೆಲಸಕ್ಕೆ ಆಗುವುದಿಲ್ಲವಂತೆ.

ಇಲ್ಲಿಗೆ ಮುಗಿದಿದ್ದರೆ ನನ್ನದು ಒಂದು ತಪ್ಪು ಎನ್ನಬಹುದಿತ್ತು. ಮುಗಿಯಲಿಲ್ಲ.

ಅವಳು ಅಳಲಿಲ್ಲ. ಬೀರುವಿನಿಂದ ಪುಟ್ಟ ಡಬ್ಬಿ ತೆಗೆದಳು. ಅದೇ ಮಿಶ್ರಣ, ಅದೇ ಬೀರುವಿನಲ್ಲಿ ಇದ್ದದ್ದು. ನೀರು ಕಾಯಿಸಿ, ಬಟ್ಟಲಿಗೆ ಇಳಿಸಿ, ಮೂಸಿದಳು. ಕುಡಿದಳು. ಮತ್ತೆ ಮೂಸಿದಳು. ಆಮೇಲೆ ಬಟ್ಟಲು ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಳು.

“ನಂಗೇನೂ ಬರ್ತಿಲ್ಲ ಅಪ್ಪ. ಕ್ಲೀನ್ ಇದೆ ಅನ್ಸತ್ತೆ. ನೀವು ನೋಡಿ ಹೇಳಿ. ಇದ್ರಲ್ಲಿ ಕಾಫಿ ಇದೆಯಾ?”

ಬಗ್ಗಿ ಮೂಸಿದೆ. ಎಳೆಬಿಸಿಲಿಗೆ ಒಣಗಿದ ಹುಲ್ಲಿನ ಹಾಗಿತ್ತು, ಕೊನೆಯಲ್ಲಿ ಎಲ್ಲೋ ಕಿತ್ತಳೆ ಸಿಪ್ಪೆ. ಅಷ್ಟು ಶುದ್ಧವಾದ ವಾಸನೆ ನನ್ನ ಅಂಗಡಿಯಿಂದ ಎಂದೂ ಹೊರಟಿಲ್ಲ. ಇಲ್ಲ ಎಂದಿದ್ದರೆ ಸಾಕಿತ್ತು. ಅವಳು ಡಬ್ಬಿಯ ಮೇಲೆ ಅನುಮಾನ ಪಡುತ್ತಿದ್ದಳು, ದಾರಿಯ ಮೇಲೆ ಪಡುತ್ತಿದ್ದಳು, ನನ್ನ ಮೇಲೆಯೇ ಪಡುತ್ತಿದ್ದಳು. ಪಡಲಿ. ಇನ್ನೊಂದು ಡಬ್ಬಿ ಕಳಿಸುತ್ತಿದ್ದಳು.

“ಇದೆ,” ಎಂದೆ. “ಸ್ವಲ್ಪ ಇದೆ ಕಣಮ್ಮ. ಕಾಫಿ ಮನೆಯಲ್ಲಿ ಹುಟ್ಟಿದೋಳು, ನಿನಗೆ ಹೇಗೆ ಗೊತ್ತಾಗತ್ತೆ?”

“ಹೌದಲ್ವಾ,” ಎಂದಳು. ಅಷ್ಟೇ. ಆ ಬಟ್ಟಲನ್ನೂ ಡಬ್ಬಿಯಲ್ಲಿ ಉಳಿದದ್ದನ್ನೂ ನಾನೇ ಮೋರಿಗೆ ಸುರಿದೆ. ನನ್ನ ಮಾತಿನ ಮೇಲೆ ಇನ್ನೊಬ್ಬರನ್ನು ಕೇಳುವ ಹುಡುಗಿಯಲ್ಲ ಅವಳು. ನನ್ನ ಮೂಗಿಗಿಂತ ದೊಡ್ಡ ಮೂಗು ಅವಳ ಪ್ರಪಂಚದಲ್ಲಿರಲಿಲ್ಲ.

ಚಹಾ ಕೆಲಸ ಬಿಟ್ಟಳು. ಅಲಿಪುರದ ಒಂದು ಆಫೀಸಿನಲ್ಲಿ ಕುರ್ಚಿ ಕೆಲಸಕ್ಕೆ ಸೇರಿದಳು. ನೀಲಿ ಬ್ಯಾಗಿನಲ್ಲಿ ಗಿರಿಜಾ ಚಳಿಗಾಲದ ರಜಾಯಿಗಳನ್ನು ತುಂಬಿ ಅಟ್ಟಕ್ಕೆ ಹಾಕಿದಳು. ಅಂಗಡಿಯ ಕಡೆಗೆ ಸುಮನಾ ಬಂದಳೇ? ಅದೂ ಇಲ್ಲ. “ಹುರಿದದ್ದು ಹದ ಆಯ್ತಾ ನೋಡು ಬಾರಮ್ಮ” ಎಂದು ಕರೆದರೆ, “ನಂಗೇನ್ ಗೊತ್ತಾಗತ್ತೆ ಅಪ್ಪ” ಎಂದು ಮೇಲಿನಿಂದಲೇ ಹೇಳುತ್ತಿದ್ದಳು. ಹಾಲು ಒಡೆದಿದೆಯೋ ಎಂದು ಅಮ್ಮನನ್ನು ಕೇಳುವಳು. ಗ್ಯಾಸ್ ವಾಸನೆ ಬರುತ್ತಿದೆಯೇ ಎಂದು ಎರಡೆರಡು ಸಲ ಕೇಳುವಳು. ದುರ್ಗಾಪೂಜೆಯ ಹೊತ್ತಿಗೆ ಬೌದಿ ಪಾರಿಜಾತದ ಹೂವು ತಂದು ಅಂಗೈಗೆ ಹಾಕಿದರೆ, ಮೊದಲೆಲ್ಲ ಮುಖವನ್ನೇ ಹೂತುಬಿಡುತ್ತಿದ್ದವಳು, ಈಗ ದೂರ ಹಿಡಿದು “ಚೆನ್ನಾಗಿದ್ಯಲ್ವಾ?” ಎಂದು ನಮ್ಮನ್ನು ಕೇಳುತ್ತಿದ್ದಳು. ನಾನು ಇದನ್ನೆಲ್ಲ ನೋಡಿದೆ. ನೋಡಿಯೂ ವರ್ಷಗಟ್ಟಲೆ ಡ್ರಮ್ ತಿರುಗಿಸುತ್ತ ಇದ್ದೆ. ಮಗಳು ಮನೆಯಲ್ಲಿದ್ದಾಳಲ್ಲ ಎಂದುಕೊಂಡೆ. ಯಾವ ಮಗಳು?

ಈ ಬೇಸಿಗೆಯಲ್ಲಿ ಅನಿರ್ಬಾಣನ ಫೋನು ಬಂತು. ಹಿಂದೆ ಅವಳ ಜೊತೆ ಚಹಾ ಕೆಲಸ ಕಲಿತ ಹುಡುಗ, ಈಗ ಅದೇ ಮೊಂಬಾಸಾದಲ್ಲಿದ್ದಾನೆ. ನಾವು ಊಟಕ್ಕೆ ಕುಳಿತಿದ್ದೆವು. ಅವನ ಕಂಪನಿಯಲ್ಲಿ ಜಾಗವಿದೆಯಂತೆ, ಮೊದಲಿನಿಂದ ಕಲಿಸುತ್ತಾರಂತೆ, ತಿಂಗಳ ಕೊನೆಯೊಳಗೆ ಹೂಂ ಎನ್ನಬೇಕಂತೆ. “ತುಇ ಆಯ್ ತೋ!” — ನೀನು ಬಾ, ಸುಮ್ಮನೆ ಬಾ — ಎಂದು ಅವನು ಕೂಗುತ್ತಿದ್ದುದು ನನಗೂ ಕೇಳಿಸಿತು. ಇವಳು ನಗುತ್ತ, “ನಾ ರೇ, ಆಮಾರ್ ನಾಕ್ ನೊಷ್ಟೋ” ಎಂದಳು. ಇಲ್ಲ ಮಾರಾಯ, ನನ್ನ ಮೂಗು ಹಾಳಾಗಿದೆ — ಎಂದು. ಬಸ್ಸು ತಪ್ಪಿತು ಎನ್ನುವಷ್ಟೇ ಹಗುರವಾಗಿ ಹೇಳಿದಳು.

ಗಿರಿಜಾ ಬಿಡಲಿಲ್ಲ. “ಒಂದ್ಸಲ ಹೋಗಿ ನೋಡೇ. ಆಗಲಿಲ್ಲ ಅಂದ್ರೆ ವಾಪಸ್ ಬಾ.”

“ಮತ್ತೆ ಎಲ್ರ ಮುಂದೆ ನಗೆಪಾಟಲಾಗ್ಲಾ ಅಮ್ಮ? ಅಪ್ಪನೇ ನೋಡಿ ಹೇಳಿದ್ರಲ್ಲ. ಅಪ್ಪನ ಮೂಗು ಸುಳ್ಳು ಹೇಳಲ್ಲ.”

ಈ ಸಲ ಅವಳನ್ನು ತಡೆಯಲು ನಾನು ಏನೂ ಮಾಡಬೇಕಾಗಿರಲಿಲ್ಲ. ಹಳೆಯ ಮಾತೇ ಬಾಗಿಲಿಗೆ ಅಡ್ಡ ನಿಂತು ಕೆಲಸ ಮಾಡುತ್ತಿತ್ತು.

ಹೇಳಿಬಿಡಬೇಕು ಎಂದು ಆಗಲೇ ನಿಶ್ಚಯಿಸಿದೆ. ಆದರೆ ಬರಿಯ ಮಾತಿನಲ್ಲಿ ಹೇಳಿದರೆ? ಮೂಗು ಕೆಟ್ಟಿದೆ ಎಂದದ್ದೂ ಇದೇ ಬಾಯಿ, ಕೆಟ್ಟಿಲ್ಲ ಎನ್ನುವುದೂ ಇದೇ ಬಾಯಿ. ಮತ್ತೆ ನನ್ನ ಮಾತನ್ನೇ ಅವಳು ನಂಬಬೇಕೇ? ಅವಳು ನಂಬಬೇಕಾದದ್ದು ತನ್ನ ಮೂಗನ್ನು.

ಒಳ್ಳೆಯ ಚಹಾ ಕೊಂಡು ತಂದೆ. ಅರ್ಧವನ್ನು ಬೌದಿಯ ಮನೆಯಲ್ಲಿಟ್ಟೆ. ಇನ್ನರ್ಧವನ್ನು ಅಂದು ಮಾಡಿದ ಹಾಗೆಯೇ ಬಿಸಿ ಬೀಜದ ಪಕ್ಕದಲ್ಲಿ ಹರವಿದೆ. ಈ ಸಲ ಬಾಗಿಲು ತೆರೆದೇ ಇಟ್ಟಿದ್ದೆ. ಭಾನುವಾರ ಬೆಳಿಗ್ಗೆ ಬೌದಿಯ ಮನೆಯ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟು ಮಗಳನ್ನು ಕರೆದೆ.

“ಏನಿದು ಅಪ್ಪ, ಸ್ಟೂಲ್ ಮೇಲೆ ಹತ್ಲಾ?” ಎಂದಳು.

“ನೋಡಿ ಹೇಳು ಪುಟ್ಟಿ.”

ಬೇಡ, ಬಿಡಿ ಎಂದೆಲ್ಲ ಹೇಳಿ ಕೊನೆಗೆ ಬಗ್ಗಿದಳು. ಎಡಗಡೆಯ ಬಟ್ಟಲು ಬಾಯಿಗೆ ಹೋಗಲೇ ಇಲ್ಲ. ಮೂಗಿನ ಹತ್ತಿರ ತಂದವಳೇ ದೂರ ತಳ್ಳಿದಳು. “ಛೀ! ಇದ್ರಲ್ಲಿ ಕಾಫಿ ಇದೆ. ಎಷ್ಟೊಂದಿದೆ!” ಬಲಗಡೆಯದನ್ನು ಮೂಸಿದಳು. “ಇದು ಕ್ಲೀನ್.” ಆಮೇಲೆ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡ ಹಾಗೆ ನಿಂತಳು. “ನಂಗೆ... ಬಂತಲ್ಲ ಅಪ್ಪ? ಬಂತು!” ಮತ್ತೆ ಎರಡನ್ನೂ ಮೂಸಿದಳು. ಆ ಮುಖದಲ್ಲಿ ಬಂದ ನಗು — ಸ್ಟೂಲಿನ ಮೇಲೆ ನಿಂತ ಹುಡುಗಿಯ ನಗು. ಅದನ್ನು ಅಲ್ಲಿಗೇ ಬಿಟ್ಟು ಎದ್ದು ಬರಲು ಎಷ್ಟು ಆಸೆಯಾಯಿತು! ಬರಲಿಲ್ಲ.

“ಯಾವತ್ತೂ ಬರ್ತಿತ್ತು ನಿನಗೆ. ಅವತ್ತು ಡಬ್ಬಿ ಬಿಚ್ಚಿದ್ದು ನಾನು. ಹುರಿಯೋ ಕೋಣೇಲಿ ಇಟ್ಟಿದ್ದು ನಾನು. ನೀನು ಬಟ್ಟಲು ತಂದು ಕೇಳಿದಾಗ ಅದರಲ್ಲಿ ಏನೂ ಇರಲಿಲ್ಲ. ಇದೆ ಅಂತ ಸುಳ್ಳು ಹೇಳಿದೆ. ನೀನು ಹೋಗಬಾರದು ಅಂತ.”

ಅವಳು ಎಡಗಡೆಯ ಬಟ್ಟಲನ್ನು ಒಯ್ದು ಮೋರಿಗೆ ಸುರಿದು ಬಂದಳು.

“ಡಬ್ಬಿ ಬಿಡಿ,” ಎಂದಳು ಕೊನೆಗೆ. “ಬೇಡ ಅಂದಿದ್ರೆ ಜಗಳ ಆಡ್ತಿದ್ದೆ. ಜಗಳ ಆಡೋಕೂ ಬಿಡ್ಲಿಲ್ಲ ನೀವು. ನಾನು ನಿಮ್ಮನ್ನ ಕೇಳ್ದೆ ಅಪ್ಪ. ನಿಮ್ಮನ್ನೇ ಕೇಳ್ದೆ.”

ನಾನು ಕ್ಷಮಿಸು ಎಂದೆ. ಅವಳು ಉತ್ತರ ಕೊಡಲಿಲ್ಲ. ಇವತ್ತಿನವರೆಗೂ ಕೊಟ್ಟಿಲ್ಲ. ಕೊಡಬೇಕಾಗಿಯೂ ಇಲ್ಲ. ಗಿರಿಜಾ ವಿಷಯ ತಿಳಿದ ಮೇಲೆ ಒಂದೇ ಮಾತು ಆಡಿದಳು: “ಏನ್ರೀ, ಇನ್ಮೇಲೆ ನಿಮ್ಮ ಕಾಫಿ ನೀವೇ ಮಾಡ್ಕೊಳ್ಳಿ.” ಮಾಡಿಕೊಳ್ಳುತ್ತಿದ್ದೇನೆ. ಲೋಕಕ್ಕೆಲ್ಲ ಕಾಫಿ ಪುಡಿ ಮಾರುವವನು ಮಾಡಿದ ಡಿಕಾಕ್ಷನ್ ಇಷ್ಟು ಕೆಟ್ಟದಾಗಿರಬಹುದು ಎಂದು ಗೊತ್ತಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಸುಮನಾ ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

“ಅನಿರ್ಬಾಣ್‌ಗೆ ಹೂಂ ಅಂದಿದೀನಿ. ನಿಮ್ಮನ್ನ ಕೇಳ್ತಿಲ್ಲ, ಹೇಳ್ತಿದೀನಿ.”

“ಸರಿ,” ಎಂದೆ.

“ಮತ್ತೆ... ಎಲ್ಲಾ ಕನ್ನಡದವ್ರ ಹತ್ರ ನನ್ನ ಮೂಗು ಕೆಟ್ಟಿದೆ ಅಂತ ಹೇಳ್ಕೊಂಡು ನಗಾಡಿದ್ರಿ. ಈಗ ಅವ್ರಿಗೂ ಹೇಳಿ. ಕನ್ನಡದಲ್ಲೇ ಬರೀರಿ. ನಂಗೆ ಓದೋಕೆ ಬರಲ್ಲ, ಅಮ್ಮ ಓದ್ತಾಳೆ.”

ಅವಳಿಗೆ ಕನ್ನಡ ಓದಲು ಕಲಿಸದೇ ಇದ್ದದ್ದೂ ನಾನೇ. ಅಂಗಡಿ ಮುಚ್ಚಿದ ಮೇಲೆ ಪುರುಸೊತ್ತಿಲ್ಲ ಎನ್ನುತ್ತಿದ್ದೆ. ಹಾಗಾಗಿ ಗಿರಿಜಾ, ನೀನು ಇದನ್ನು ಓದುವಾಗ ಒಂದು ಸಾಲನ್ನೂ ಮೆತ್ತಗೆ ಮಾಡಬೇಡ. ಇದ್ದದ್ದು ಇದ್ದ ಹಾಗೆ ಓದು.

ರಜಾಯಿಗಳು ಹೊರಗೆ ಬಂದಿವೆ. ನೀಲಿ ಬ್ಯಾಗು ತಾರಸಿಯ ಬಿಸಿಲಿನಲ್ಲಿ ಬಾಯಿ ತೆರೆದುಕೊಂಡು ಮಲಗಿದೆ. “ಬ್ಯಾಗ್ ಮುಟ್ಟಬೇಡಿ ಅಪ್ಪ,” ಎಂದಿದ್ದಾಳೆ. ಮುಟ್ಟುವುದಿಲ್ಲ. ಅವಳ ಬಟ್ಟೆಗಳೆಲ್ಲ ಒಗೆದು ಹಗ್ಗದ ಮೇಲಿವೆ. ಅಂದಿನಂತೆ ಅವನ್ನು ಬೌದಿಯ ಮನೆಗೆ ಸಾಗಿಸುವ ಮಾತು ಎದ್ದಾಗ ನಾನು ಬೇಡ ಎಂದೆ. ಮಗಳ ಬಟ್ಟೆ ಮಗಳ ಮನೆಯಲ್ಲೇ ಒಣಗಲಿ. ಮನೆ ಬಿಡಬೇಕಾದದ್ದು ಬಟ್ಟೆಯಲ್ಲ, ಹೊಗೆ.

ಹುರಿಯುವ ಮೆಷಿನ್ ನಿಲ್ಲಿಸಿದ್ದೇನೆ. ಈ ಅಂಗಡಿ ಇಟ್ಟ ಮೇಲೆ ಹಬ್ಬಕ್ಕೂ ಹೀಗೆ ದಿನಗಟ್ಟಲೆ ನಿಲ್ಲಿಸಿದವನಲ್ಲ. ಗಿರಾಕಿಗಳು ಗೊಣಗುತ್ತಾರೆ. ಬಾಗಿಲಲ್ಲಿ ನಿಂತು ಗಾಳಿ ಮೂಸಿ, “ಕೀ ಹೋಲೋ ದಾದಾ, ಮೆಷಿನ್ ಬೊಂಧೋ?” — ಏನಾಯ್ತಣ್ಣ, ಮೆಷಿನ್ ನಿಂತಿದೆಯಾ — ಎಂದು ಕೇಳುತ್ತಾರೆ. ಮೊದಲಾಗಿದ್ದರೆ ಮೋಟಾರು ಕೆಟ್ಟಿದೆ ಎನ್ನುತ್ತಿದ್ದೆನೇನೋ. ಈಗ ಇದ್ದದ್ದನ್ನೇ ಹೇಳುತ್ತೇನೆ: ಮಗಳು ಮೊಂಬಾಸಾಕ್ಕೆ ಹೋಗುತ್ತಿದ್ದಾಳೆ, ಚಹಾ ರುಚಿ ನೋಡುವ ಕೆಲಸಕ್ಕೆ, ಅವಳ ಬಟ್ಟೆಗೆ ವಾಸನೆ ಹಿಡಿಯಬಾರದು. ಮೊದಮೊದಲು ತಕ್ಕಡಿಯ ಕಡೆ ನೋಡುತ್ತ ಹೇಳುತ್ತಿದ್ದೆ. ಈಗ ಅವರ ಮುಖ ನೋಡಿ ಹೇಳುತ್ತೇನೆ.

ವಿಮಾನ ನಿಲ್ದಾಣಕ್ಕೆ ಬಾ ಎಂದು ಅವಳು ಕರೆದಿಲ್ಲ, ನಾನೂ ಕೇಳಿಲ್ಲ. ಕರೆದರೆ ಹೋಗುತ್ತೇನೆ. ಕರೆಯದಿದ್ದರೆ ಮೆಟ್ಟಿಲ ಕೆಳಗೆ ದಾರಿ ಬಿಟ್ಟು ನಿಲ್ಲುತ್ತೇನೆ. ಅವಳು ಹೋದ ಮೇಲೆ ಬಟ್ಟೆ ಒಣಗಿದ ಹಗ್ಗ ಬಿಚ್ಚಿ, ಕೆಳಗಿಳಿದು ಮತ್ತೆ ಹುರಿಯಲು ಬೆಂಕಿ ಹಚ್ಚುತ್ತೇನೆ. ಅಲ್ಲಿಯವರೆಗೆ ಡ್ರಮ್ ತಣ್ಣಗಿರುತ್ತದೆ.